ರೆಸಿಡೆನ್ಸಿ ಅರ್ಜಿ: ಆರು ಶಿಫಾರಸು ಪತ್ರಗಳಲ್ಲಿ ಯಾವ ನಾಲ್ಕು?

ಕೊತ್ರೂಡ್ ಹುಡುಗಿ:
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಎಂಬಿಬಿಎಸ್, ಇಂಟರ್ನ್‌ಶಿಪ್ ಎರಡೂ ಮುಗಿದಿವೆ. ಈ ಸೆಪ್ಟೆಂಬರ್‌ನಲ್ಲಿ ಇರಾಸ್ (ಅರ್ಜಿ, ಪತ್ರ ಎಲ್ಲ ಕಳಿಸುವ ಆನ್‌ಲೈನ್ ವ್ಯವಸ್ಥೆ) ಮೂಲಕ ಅಮೆರಿಕದ ರೆಸಿಡೆನ್ಸಿಗೆ (ಆಸ್ಪತ್ರೆಯಲ್ಲಿ ದುಡಿಯುತ್ತಾ ಪಡೆಯುವ ತಜ್ಞ ತರಬೇತಿ), ಅಂದರೆ ಇಂಟರ್ನಲ್ ಮೆಡಿಸಿನ್‌ಗೆ ಅರ್ಜಿ ಹಾಕುವವಳಿದ್ದೇನೆ, ಜೊತೆಗೆ ಕೆಲವು ಫ್ಯಾಮಿಲಿ ಮೆಡಿಸಿನ್ ಪ್ರೋಗ್ರಾಂಗಳಿಗೂ. ಪತ್ರ ಕೊಡಲು ಆರು ಜನ ಒಪ್ಪಿದ್ದಾರೆ: ಮೆಡಿಸಿನ್ ಎಚ್‌ಓಡಿ (ವಿಭಾಗದ ಮುಖ್ಯಸ್ಥರು; ದೊಡ್ಡ ಹೆಸರು, ನನ್ನ ಪರಿಚಯ ಕಡಿಮೆ), 6 ವಾರದ ಮೆಡಿಸಿನ್ ಪೋಸ್ಟಿಂಗ್‌ನಲ್ಲಿ ದಿನಾ ರೌಂಡ್ಸ್ ತೆಗೆದುಕೊಂಡ ಅಸೋಸಿಯೇಟ್ ಪ್ರೊಫೆಸರ್, ಸರ್ಜರಿ ಯೂನಿಟ್ ಚೀಫ್, ಮುಂಬೈಯಲ್ಲಿ ಒಂದು ವರ್ಷ ರಿಸರ್ಚ್ ಮಾಡಿಸಿದ ಗೈಡ್, ಅಮೆರಿಕದಲ್ಲಿ 4 ವಾರ ಅಬ್ಸರ್ವರ್‌ಶಿಪ್ (ಬರೀ ನೋಡಿ ಕಲಿಯುವುದು) ಕೊಟ್ಟ ಕಾರ್ಡಿಯಾಲಜಿಸ್ಟ್, ಅಲ್ಲೇ 4 ವಾರದ ಎಕ್ಸ್‌ಟರ್ನ್‌ಶಿಪ್‌ನಲ್ಲಿ ರೋಗಿಗಳನ್ನು ನೋಡಲು ಬಿಟ್ಟ ಇಂಟರ್ನಿಸ್ಟ್ (ಇಂಟರ್ನಲ್ ಮೆಡಿಸಿನ್ ವೈದ್ಯರು). ಯಾವ ನಾಲ್ಕು ಕಳಿಸಲಿ? ಎಚ್‌ಓಡಿ ಸರ್ ಬೇರೆ, ನೀನೇ ಬರೆದು ತಾ, ಸಹಿ ಹಾಕುತ್ತೇನೆ ಅಂದಿದ್ದಾರೆ.

ಪರೇಲ್ ಕನ್ನಡಿಗ:
ಇರಾಸ್‌ನಲ್ಲಿ ಎಷ್ಟು ಪತ್ರ ಬೇಕಾದರೂ ಇಟ್ಟುಕೊಳ್ಳಬಹುದು, ಆದರೆ ಒಂದು ಪ್ರೋಗ್ರಾಂಗೆ ಕಳಿಸಲು ಬರುವುದು 4 ಮಾತ್ರ. ಎಷ್ಟೋ ಕಡೆ 3 ಸಾಕು ಅನ್ನುತ್ತಾರೆ.

ಮೊದಲನೆಯದು ಎಕ್ಸ್‌ಟರ್ನ್‌ಶಿಪ್‌ನ ಇಂಟರ್ನಿಸ್ಟ್, ಅದರಲ್ಲಿ ಎರಡು ಮಾತಿಲ್ಲ. ಅದೇ ಸ್ಪೆಷಾಲಿಟಿ, ಅದೇ ದೇಶದ ವ್ಯವಸ್ಥೆ, ನೀವು ಹಿಸ್ಟರಿ ತೆಗೆದದ್ದನ್ನೂ ಪ್ಲಾನ್ ಹೇಳಿದ್ದನ್ನೂ ಕಣ್ಣಾರೆ ಕಂಡವರು. ಎರಡನೆಯದು ಪುಣೆಯ ಅಸೋಸಿಯೇಟ್ ಪ್ರೊಫೆಸರ್. ಅವರ ಹುದ್ದೆ ಎಚ್‌ಓಡಿಗಿಂತ ಕೆಳಗಿದೆ ಎಂದು ಹಿಂಜರಿಯಬೇಡಿ. ಪತ್ರ ಓದುವವರು ಹುಡುಕುವುದು ಮೂರೇ ಸಂಗತಿ: ಎಷ್ಟು ದಿನ ನೋಡಿದ್ದಾರೆ, ಏನು ಮಾಡುವುದನ್ನು ನೋಡಿದ್ದಾರೆ, ಇತರ ಇಂಟರ್ನ್‌ಗಳ ಜೊತೆ ಹೋಲಿಸಿದರೆ ಎಲ್ಲಿ ನಿಲ್ಲುತ್ತೀರಿ. ದೂರದಿಂದ ಕಂಡವರು ಈ ಮೂರನ್ನೂ ಬರೆಯಲಾರರು. ಮೂರನೆಯದು ಕಾರ್ಡಿಯಾಲಜಿಸ್ಟ್. ನಾಲ್ಕನೆಯದು ಯೂನಿವರ್ಸಿಟಿ ಪ್ರೋಗ್ರಾಂಗಳಿಗೆ ರಿಸರ್ಚ್ ಗೈಡ್. ಸರ್ಜರಿ ಪತ್ರ ಬಿಡಿ. ಎಚ್‌ಓಡಿ ಪತ್ರ ಬೇಕಾಗುವುದು ಡಿಪಾರ್ಟ್‌ಮೆಂಟ್ ಚೇರ್ ಪತ್ರ ಕಡ್ಡಾಯ ಅನ್ನುವ ಪ್ರೋಗ್ರಾಂಗಳಿಗೆ ಮಾತ್ರ. ಪ್ರತಿ ಪ್ರೋಗ್ರಾಂನ ವೆಬ್‌ಸೈಟ್ ನೋಡಿಯೇ ನಿರ್ಧರಿಸಿ.

2022ರ ಜನವರಿ 26ರಿಂದ ಸ್ಟೆಪ್ 1ಕ್ಕೆ (ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಮೊದಲ ಹಂತ) ಅಂಕವೇ ಇಲ್ಲ, ಪಾಸ್ ಅಥವಾ ಫೇಲ್ ಅಷ್ಟೆ. ಹಾಗಾಗಿ ಮುಂದಿನ ಹಂತವಾದ ಸ್ಟೆಪ್ 2 ಸಿಕೆ ಅಂಕದ ಜೊತೆ ಪತ್ರಗಳ ತೂಕವೂ ಹೆಚ್ಚಿದೆ.

ಬೆಳಗಾವಿ–ಠಾಣೆ:
ಎಚ್‌ಓಡಿ ವಿಷಯ ನಾ ಹೇಳ್ತೀನಿ ನೋಡ್ರಿ. ನೀವ ಬರೀಬ್ಯಾಡ್ರಿ. ಪತ್ರ ನೋಡೋ ಹಕ್ಕು ಬಿಟ್ಟೀನಿ ಅಂತ ಇರಾಸ್‌ದಾಗ ಟಿಕ್ ಹಾಕಿರ್ತೀರಿ. ಹಂಗ ಹಾಕಿ ನೀವ ಬರದ್ರ ಅದು ಸುಳ್ಳಾಗ್ತದ. ಹಕ್ಕು ಬಿಡಲಿಲ್ಲಂದ್ರ ಓದೋರಿಗೆ ಪತ್ರದ ಮ್ಯಾಲ ನಂಬಿಕಿ ಕಡಿಮಿ, ಅದಕ್ಕ ಬಿಡೂದ ಛಲೋ. ಇನ್ನೊಂದು, ಒಬ್ಬರ ಕೈಯಿಂದ ಬಂದ ಮೂರು ಪತ್ರದಾಗ ಅವ ಶಬ್ದ, ಅದ ವಾಕ್ಯ ಬರ್ತಾವ. ಓದೋರಿಗೆ ಅದು ತಿಳೀತದ.

ಅದರ ಬದಲಿ ಒಂದು ಹಾಳಿ ಮಾಹಿತಿ ಕೊಡ್ರಿ: ಸಿವಿ, ಪರ್ಸನಲ್ ಸ್ಟೇಟ್‌ಮೆಂಟ್, ಪೋಸ್ಟಿಂಗ್ ತಾರೀಖು, ಅವರ ಮುಂದ ಪ್ರೆಸೆಂಟ್ ಮಾಡಿದ ಎರಡು-ಮೂರು ಕೇಸು. ಡೆಂಗಿ ಆಗಲಿ, ಲೆಪ್ಟೊ ಆಗಲಿ, ಬರೇ ರೋಗದ ಹೆಸರು ಬರದ್ರ ಉಪಯೋಗಿಲ್ಲ. ಡೆಂಗಿದಾಗ ಪ್ಲೇಟ್ಲೆಟ್ ಇಳಿಯೂದರ ಜೊತಿ ಹಿಮೆಟೊಕ್ರಿಟ್ (ರಕ್ತದಾಗ ಕೆಂಪು ಕಣದ ಪಾಲು) ಏರಿದ್ದು ಗಮನಿಸಿ ಸೀನಿಯರ್‌ಗೆ ಹೇಳಿದ್ದು, ಫ್ಲೂಯಿಡ್ ಲೆಕ್ಕ ತಾಸಿಗೊಮ್ಮೆ ಇಟ್ಟಿದ್ದು, ಅದು ಪತ್ರದಾಗ ಬರಬೇಕು. ನಮ್ಮ ಕಡೆ ಪತ್ರದಾಗ ಸಿನ್ಸಿಯರ್, ಒಬೀಡಿಯೆಂಟ್, ಗುಡ್ ಮೋರಲ್ ಕ್ಯಾರೆಕ್ಟರ್ ಅಂತ ತುಂಬಿರ್ತದ. ಅಲ್ಲಿಯವರಿಗೆ ಅದು ಏನೂ ಹೇಳೂದಿಲ್ಲ. "ಗುಡ್" ಅನ್ನೂದನ್ನ ಅವರು ಸಾಧಾರಣ ಅಂತ ಓದ್ತಾರ, "ಸ್ಯಾಟಿಸ್‌ಫ್ಯಾಕ್ಟರಿ" ಅಂದ್ರ ಎಚ್ಚರಿಕಿ ಅಂತ. ಇದನ್ನ ಸರ್‌ಗೆ ಮರ್ಯಾದಿಯಿಂದ ಮೊದಲ ಹೇಳ್ರಿ, ಬರದ ಮ್ಯಾಲ ಹೇಳಲಿಕ್ಕೆ ಬರೂದಿಲ್ಲ.

ಮಡಗಾಂವ್ ಡಾಕ್ಟರ್:
ಅಬ್ಸರ್ವರ್‌ಶಿಪ್ ಪತ್ರವನ್ನು ಮೂರನೆಯದಾಗಿ ಇಟ್ಟದ್ದನ್ನು ನಾನು ಒಪ್ಪುವುದಿಲ್ಲ. ಬರೀ ನೋಡುತ್ತಾ ನಿಂತವರ ಬಗ್ಗೆ ಆ ವೈದ್ಯರು ಸಮಯಕ್ಕೆ ಬರುತ್ತಿದ್ದಳು, ಆಸಕ್ತಿ ಇತ್ತು ಎಂಬುದಕ್ಕಿಂತ ಹೆಚ್ಚು ಬರೆಯುವುದು ಕಷ್ಟ. ರೌಂಡ್ಸ್ ನಂತರ ಕೇಸ್ ಚರ್ಚೆ ನಡೆದಿದ್ದರೆ, ಏನಾದರೂ ಪ್ರೆಸೆಂಟ್ ಮಾಡಿಸಿದ್ದರೆ ಸರಿ. ಇಲ್ಲದಿದ್ದರೆ ಒಂದು ವರ್ಷ ಕೆಲಸ ನೋಡಿದ ರಿಸರ್ಚ್ ಗೈಡ್ ಆ ಜಾಗಕ್ಕೆ ಬರಲಿ, ನಾಲ್ಕನೆಯದು ಖಾಲಿ ಉಳಿದರೂ ಚಿಂತೆಯಿಲ್ಲ. ಮೂರು ಗಟ್ಟಿ ಪತ್ರಗಳ ಪಕ್ಕ ಒಂದು ಬಡಕಲು ಪತ್ರ ಇಟ್ಟರೆ ಓದುವವರ ಕಣ್ಣು ಅಲ್ಲೇ ನಿಲ್ಲುತ್ತದೆ.

ಕೊತ್ರೂಡ್ ಹುಡುಗಿ:
ತುಂಬಾ ಉಪಕಾರ ಆಯ್ತು. ಕಾರ್ಡಿಯಾಲಜಿಸ್ಟ್ ವಾರಕ್ಕೊಮ್ಮೆ ಕೇಸ್ ಚರ್ಚೆ ಮಾಡಿಸುತ್ತಿದ್ದರು, ಇಸಿಜಿ ಓದಿಸುತ್ತಿದ್ದರು. ಇಂಟರ್ನಿಸ್ಟ್ ಒಬ್ಬರಿಂದಲೇ ಫ್ಯಾಮಿಲಿ ಮೆಡಿಸಿನ್‌ಗೂ ಪತ್ರ ತರಿಸಬಹುದೇ? ಅಪ್‌ಲೋಡ್ ಯಾರು ಮಾಡಬೇಕು?

ಪರೇಲ್ ಕನ್ನಡಿಗ:
ಹಾಗಿದ್ದರೆ ಕಾರ್ಡಿಯಾಲಜಿಸ್ಟ್ ಇರಲಿ.

ಒಬ್ಬರಿಂದಲೇ ಎರಡು ಪತ್ರ ತರಿಸಬಹುದು. ಮೈ ಇರಾಸ್‌ನಲ್ಲಿ (ಇರಾಸ್‌ನ ನಿಮ್ಮ ಖಾತೆ) ಅವರ ಹೆಸರಿಗೆ ಎರಡು ಬೇರೆ ಬೇರೆ ನಮೂದು ಮಾಡಿ, ಸ್ಪೆಷಾಲಿಟಿ ಎದುರು ಸ್ಪಷ್ಟವಾಗಿ ಬರೆಯಿರಿ. ಪ್ರತಿಯೊಂದಕ್ಕೂ ಬೇರೆ ಲೆಟರ್ ಐಡಿ ಇರುವ ರಿಕ್ವೆಸ್ಟ್ ಫಾರ್ಮ್ ಬರುತ್ತದೆ. ಎರಡನ್ನೂ ಒಂದೇ ಮೇಲ್‌ನಲ್ಲಿ ಕಳಿಸಬೇಡಿ. ತಪ್ಪಾಗುವುದು ಅಲ್ಲೇ: ಐಡಿ ಅದಲು ಬದಲಾದರೆ, "ಫ್ಯಾಮಿಲಿ ಮೆಡಿಸಿನ್‌ಗೆ ಇವಳು ಹೇಳಿ ಮಾಡಿಸಿದಂತಿದ್ದಾಳೆ" ಎಂಬ ಪತ್ರ ಇಂಟರ್ನಲ್ ಮೆಡಿಸಿನ್ ಪ್ರೋಗ್ರಾಂಗೆ ಹೋಗುತ್ತದೆ, ಒಳಗಿರುವುದನ್ನು ನೀವು ನೋಡುವಂತೆಯೂ ಇಲ್ಲ. ಪ್ರೋಗ್ರಾಂಗೆ ಒಮ್ಮೆ ತಲುಪಿದ ಪತ್ರವನ್ನು ವಾಪಸ್ ಪಡೆಯಲಾಗದು.

ಅಪ್‌ಲೋಡ್ ಮಾಡಬೇಕಾದವರು ಪತ್ರ ಬರೆದವರು, ಎಎಎಂಸಿ (ಇರಾಸ್ ನಡೆಸುವ ಸಂಸ್ಥೆ) ಪೋರ್ಟಲ್‌ನಲ್ಲಿ ತಮ್ಮ ಖಾತೆಯಿಂದ. ಅವರ ಪರವಾಗಿ ಆಫೀಸಿನವರು ಮಾಡಬಹುದು, ನೀವು ಮಾಡುವಂತಿಲ್ಲ. ಎಚ್‌ಓಡಿ ಆಫೀಸಿನ ಕ್ಲರ್ಕ್‌ಗೆ ಪೋರ್ಟಲ್ ಹೊಸದಾಗಿದ್ದರೆ, ಹಂತಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡಿ. ಲೆಟರ್‌ಹೆಡ್, ತಾರೀಖು, ಸಹಿ ಮೂರೂ ಇರಬೇಕು. ಮೊಬೈಲ್‌ನಲ್ಲಿ ತೆಗೆದ ಓರೆ ಫೋಟೋ ಬೇಡ, ನೇರವಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್ ಬೇಕು.

ಬೆಳಗಾವಿ–ಠಾಣೆ:
ತಂಗಿ, ದಿನ ಎಣಿಸಿ ಇಟ್ಟಕೋ. ಸೆಪ್ಟೆಂಬರ್ ಕೊನೀಗೆ ಪ್ರೋಗ್ರಾಂದವರು ಅರ್ಜಿ ತೆಗೀತಾರ. ಜುಲೈಯಿಂದ ಮಳಿಗಾಲದ ಜ್ವರಕ್ಕ ಮೆಡಿಸಿನ್ ವಾರ್ಡ್ ತುಂಬಿರ್ತಾವ, ಸರ್‌ಗಳಿಗೆ ಪುರುಸೊತ್ತಿರೂದಿಲ್ಲ. ಆಮ್ಯಾಲ ಗಣಪತಿ ಹತ್ತು ದಿನ, ಪುಣೆದಾಗ ಯಾರೂ ಕೈಗೆ ಸಿಗೂದಿಲ್ಲ. ಜೂನ್‌ದಾಗ ಕೇಳು, ಜುಲೈ ಕೊನೀಗೆ ಒಮ್ಮೆ ನೆನಪ ಮಾಡು, ಆಗಸ್ಟ್ 15ರೊಳಗ ಅಪ್‌ಲೋಡ್ ಆಗಲಿ. ಸೇರಿಸಿದ ಮ್ಯಾಲೂ ಇರಾಸ್‌ದಾಗ ಕಾಣಲಿಕ್ಕೆ ಕೆಲವು ದಿನ ಹಿಡೀತದ.