ಕಡಲತೀರದ ಸಣ್ಣ ವಿಮಾನಕ್ಕೆ ಯಾವ ಗಾಲಿ ಬೇರಿಂಗ್?

ಪ್ರಶ್ನೆ (ಕಾರವಾರ): ಮನೆಯ ಶೆಡ್ಡಿನಲ್ಲಿ ಎರಡು ಆಸನಗಳ ವಿಮಾನವೊಂದನ್ನು ಕಟ್ಟುತ್ತಿದ್ದೇನೆ. ಈ ಉಪ್ಪುಗಾಳಿಯಲ್ಲಿ ಸೀಲ್ ಮಾಡಿದ ಬಾಲ್ ಬೇರಿಂಗ್ ಸಾಕೇ, ಒಂದು ತುದಿಗೆ ಸಪೂರವಾಗುವ ಉರುಳೆಗಳ ಟೇಪರ್ ರೋಲರ್ ಬೇರಿಂಗ್ ಬೇಕೇ, ದಯವಿಟ್ಟು ತಿಳಿಸಿ.

ಉತ್ತರ (ಕುಮಟಾ): ಅಡ್ಡಗಾಳಿಯಲ್ಲಿ ಇಳಿಯುವಾಗ ಗಾಲಿಗೆ ಪಕ್ಕದಿಂದಲೂ ಭಾರ ಬೀಳುವುದರಿಂದ, ಅದನ್ನೂ ಹೊರಬಲ್ಲ ಟೇಪರ್ ರೋಲರ್ ಜೋಡಿಯನ್ನೇ ನಾನು ಆರಿಸುತ್ತೇನೆ. ಗಾಲಿ ತಯಾರಕರು ಸೂಚಿಸಿದ ಸಂಖ್ಯೆಯದನ್ನೇ ತನ್ನಿ.

ಉತ್ತರ (ಶಿರಸಿ): ಒಪ್ಪುತ್ತೇನೆ, ಆದರೆ ಅದಕ್ಕೆ ಆರೈಕೆ ಹೆಚ್ಚು. ಮಳೆಗಾಲ ಮುಗಿದೊಡನೆ ಬಿಚ್ಚಿ, ಹಳೆಯ ಗ್ರೀಸನ್ನು ಪೂರ್ತಿ ತೊಳೆದು, ಚೆನ್ನಾಗಿ ಒಣಗಿಸಿ, ರೋಲರುಗಳ ಸಂದಿಗೆಲ್ಲ ಹೊಸದನ್ನು ಒತ್ತಿ ತುಂಬಬೇಕು. ಲಿಥಿಯಂ ಗ್ರೀಸಿಗೆ ಜೇಡಿ ಆಧಾರಿತ ಗ್ರೀಸನ್ನು ಬೆರೆಸಿದರೆ ಅದು ತೆಳುವಾಗಿ ಸೋರಿಹೋಗಬಹುದು. ರೋಲರಿನಲ್ಲಿ ತುಕ್ಕಿನ ಗುಳಿಯಾಗಲಿ ಬಿಸಿಯಿಂದಾದ ನೀಲಿ ಬಣ್ಣವಾಗಲಿ ಕಂಡರೆ, ಬೇರಿಂಗಿನ ಹೊರ ಉಂಗುರವನ್ನೂ (ಕಪ್) ಸೇರಿಸಿ ಬದಲಿಸಿ.

ಪ್ರಶ್ನೆ (ಕಾರವಾರ): ಆಕ್ಸಲ್ ನಟ್ಟನ್ನು ಎಷ್ಟು ಬಿಗಿಯಬೇಕು?

ಉತ್ತರ (ಶಿರಸಿ): ಕೈಪಿಡಿಯ ಅಳತೆಯೇ ಅಂತಿಮ. ಸಾಮಾನ್ಯವಾಗಿ ಗಾಲಿಯನ್ನು ತಿರುಗಿಸುತ್ತಲೇ ಬಿಗಿದು, ಸಡಿಲಿಸಿ, ಅಲುಗಾಟ ಹೋಗುವಷ್ಟು ಮಾತ್ರ ಮತ್ತೆ ಬಿಗಿದು, ನಟ್ಟು ಕಳಚದಂತೆ ತಡೆಯುವ ಹೊಸ ಕಾಟರ್ ಪಿನ್ ಹಾಕುತ್ತಾರೆ.