ನೀಲಿ ‘ಇ’ಯ ಆಯುಷ್ಯ

ಗುತ್ತಿಗೆದಾರ ಗೌಡರನ್ನು ಕೆಣಕಲು ನಮ್ಮ ಮಾಸ್ತರರಿಗೆ ಕಾರಣವೇ ಬೇಕಿಲ್ಲ. ಬಾಗಲಕೋಟೆ ನವನಗರದ ಚಹಾದಂಗಡಿಯಲ್ಲಿ ಮೊನ್ನೆ ನಿಜವಾದ ಕಾರಣವೇ ಸಿಕ್ಕಿಬಿಟ್ಟಿತು: ಗೌಡರ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ, ಅದರೊಳಗೆ ನೀಲಿ ‘ಇ’ ಗುರುತಿನ ಹಳೇ ಬ್ರೌಸರ್, ಇಂಟರ್‌ನೆಟ್ ಎಕ್ಸ್‌ಪ್ಲೋರರ್.

“ಗೌಡರೇ, ಮೊಬೈಲ್ ಮಾತ್ರ ವರ್ಷಕ್ಕೊಂದು. ಆ ಡಬ್ಬಿಗೆ ಮೋಕ್ಷ ಯಾವಾಗ?”

“ಒಂದು ಕಚೇರಿಯ ತಾಣಕ್ಕೆ ನನ್ನ ಡಿಜಿಟಲ್ ಸಹಿ ಇರುವ ಯುಎಸ್‌ಬಿ ಕಡ್ಡಿ, ಅದೇ ಆ ಡಾಂಗಲ್, ಆ ಡಬ್ಬಿಯಿಂದ ಮಾತ್ರ ಒಲಿಯುತ್ತದೆ, ಮಾಸ್ತರರೇ. ಬೇರೆ ಯಾವುದಕ್ಕೆ ಚುಚ್ಚಿದರೂ ಸಹಿ ಇರಬೇಕಾದ ಜಾಗದಲ್ಲಿ ಒಂದು ಬಿಳಿ ಚೌಕ. ಒತ್ತಿದರೆ ಹೂಂ ಇಲ್ಲ, ಉಹೂಂ ಇಲ್ಲ. ಕೊನೆಯ ದಿನ ಸಂಜೆ ಆ ಚೌಕದ ಮುಂದೆ ಕುಳಿತು ನೋಡಿ, ಹೊಸದರ ಆಸೆ ತಾನಾಗಿಯೇ ಇಳಿಯುತ್ತದೆ.”

ಕಂಪ್ಯೂಟರ್ ರಿಪೇರಿಯ ಹುಡುಗ ಬಾಯಿ ಹಾಕಿದ. “ಕಾಕಾ ಹೇಳುವುದು ಸುಳ್ಳಲ್ಲ ಸರ್. ಎಕ್ಸ್‌ಪ್ಲೋರರ್‌ನ ಆರನೇ ಆವೃತ್ತಿ ಬಂದದ್ದು 2001ರಲ್ಲಿ, ಏಳನೆಯದು 2006ರಲ್ಲಿ. ನಡುವೆ ಹೇಳುವವರಿಲ್ಲ, ಕೇಳುವವರಿಲ್ಲ. ಕಚೇರಿಗಳೆಲ್ಲ ಅದರ ಓರೆಕೋರೆ ನೋಡಿಕೊಂಡೇ ತಂತ್ರಾಂಶ ಬರೆಸಿದವು. ಸಹಿ, ಬ್ಯಾಂಕಿನ ಬೀಗ ಎಲ್ಲವೂ ಆಕ್ಟಿವ್‌ಎಕ್ಸ್ ಎಂಬ ತುಣುಕಿನಲ್ಲಿ. ಅದು ಬೇರೆ ಬ್ರೌಸರಿನಲ್ಲಿ ಏಳುವುದೇ ಇಲ್ಲ. ಬರೆದವರು ದುಡ್ಡು ಎಣಿಸಿಕೊಂಡು ಹೋದರು. ಬದಲಿಸಬೇಕಾದವರಿಗೆ ತೊಂದರೆಯಿಲ್ಲ, ತೊಂದರೆ ಇರುವ ಕಾಕಾನನ್ನು ಯಾರೂ ಕೇಳುವುದಿಲ್ಲ.”

ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಆಲಮಟ್ಟಿಯ ಹಿನ್ನೀರು ಬರುತ್ತದೆಂದು ನವನಗರ ಕಟ್ಟಿಕೊಟ್ಟರು. ಸೆಕ್ಟರ್ ಲೆಕ್ಕದ ಅಗಲ ರಸ್ತೆಯಲ್ಲಿ ಮನೆ ಮಾಡಿದವರೂ ಪೇಟೆಗೆಂದು ಹಳೇ ಊರಿಗೇ ಹೋಗುತ್ತಾರೆ. ಅಂಗಡಿ ಇದ್ದಲ್ಲಿ ಗಿರಾಕಿ.

“ಅಂದರೆ ಇದು ನಮ್ಮ ದೇಶದ ಕರ್ಮ” ಎಂದರು ಮಾಸ್ತರರು.

“ಎಲ್ಲಿಯ ಮಾತು ಸರ್! ದಕ್ಷಿಣ ಕೊರಿಯಾದಲ್ಲಿ ಇಂಟರ್‌ನೆಟ್ ಗಾಳಿಗಿಂತ ವೇಗ, ಆದರೆ ಬ್ಯಾಂಕುಗಳು ವರ್ಷಗಟ್ಟಲೆ ಆಕ್ಟಿವ್‌ಎಕ್ಸ್‌ಗೇ ಜೋತುಬಿದ್ದಿದ್ದವು. 2011ರಲ್ಲಿ ಮೈಕ್ರೋಸಾಫ್ಟ್ ತಾನೇ ಮಾಡಿದ ಆರನೇ ಆವೃತ್ತಿ ಯಾವಾಗ ತೊಲಗೀತೆಂದು ಎಣಿಸುವ ತಾಣ ತೆರೆದು ಕುಳಿತಿತ್ತು. 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರ್‌ಗೆ ವಿದಾಯ ಹೇಳಿದಾಗ ಕೊರಿಯಾದ ಎಂಜಿನಿಯರ್ ಒಬ್ಬ ಅದಕ್ಕೆ ಗೋರಿಕಲ್ಲು ನಿಲ್ಲಿಸಿದ. ಬೇರೆ ಬ್ರೌಸರ್ ಇಳಿಸಿಕೊಳ್ಳಲು ಒಳ್ಳೆಯ ಸಾಧನವಾಗಿತ್ತು ಎಂದು ಅದರ ಮೇಲೆ ಕೆತ್ತಿಸಿದ್ದ.”

“ಗೋರಿ ಆಯಿತು. ಸತ್ತಿತೋ?” ಗೌಡರ ಪ್ರಶ್ನೆ.

“ಎಲ್ಲಿ ಸಾಯುತ್ತದೆ? ಮೈಕ್ರೋಸಾಫ್ಟ್‌ನ ಹೊಸ ಎಡ್ಜ್ ಬ್ರೌಸರಿನೊಳಗೆ ಎಕ್ಸ್‌ಪ್ಲೋರರ್‌ನಂತೆಯೇ ನಡೆಯುವ ಐಇ ಮೋಡ್ ಎಂದು ಕೂರಿಸಿದ್ದಾರೆ. ಕನಿಷ್ಠ 2029ರವರೆಗೆ ಇರುತ್ತದಂತೆ. ಆದರೆ ಕಾಕಾ, ಎಕ್ಸ್‌ಪಿಗೆ ಭದ್ರತೆಯ ತೇಪೆ ಹಾಕುವುದು 2014ರ ಏಪ್ರಿಲ್‌ನಲ್ಲೇ ನಿಂತಿದೆ. ಸಹಿ ಮುಗಿದ ಕೂಡಲೇ ಇಂಟರ್‌ನೆಟ್ ವೈರ್ ಕಿತ್ತಿಡಿ, ಬ್ಯಾಂಕಿನ ವ್ಯವಹಾರ ಅದರಲ್ಲಿ ಬೇಡವೇ ಬೇಡ.”

ಮಾಸ್ತರರು ಬಸಿಗೆ ಚಹಾ ಸುರಿದುಕೊಂಡು ಗೆದ್ದವರಂತೆ ಕುಳಿತರು. “ನಮ್ಮ ಮನೆಯಲ್ಲಿ ಕ್ರೋಮ್. ಇಂಥ ಗೋಳೇ ಇಲ್ಲ.”

“ವಿಂಡೋಸ್ ಯಾವುದು ಸರ್?”

“ಏಳು.”

“ಹಾಗಾದರೆ ನಿಮ್ಮ ಕ್ರೋಮ್ 109ಕ್ಕೇ ನಿಂತಿದೆ. 2023ರ ಆರಂಭದ್ದು ಅದು, ಅದರ ಮುಂದಿನ ಆವೃತ್ತಿ ವಿಂಡೋಸ್ ಏಳಕ್ಕೆ ಬರುವುದಿಲ್ಲ. ಮೇಲೊಂದು ಪಟ್ಟಿ ಬಂದು ಹೇಳುತ್ತಿರಬೇಕಲ್ಲ?”

“ಬರುತ್ತದೆ. ಪಕ್ಕದಲ್ಲಿ ಗುಣಾಕಾರದ ಗುರುತಿದೆ, ಒತ್ತಿದರೆ ಹೋಗುತ್ತದೆ.”

ಗೌಡರು ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. “ನನಗಾದರೂ ಡಾಂಗಲ್ ಇದೆ ಮಾಸ್ತರರೇ. ನಿಮಗೇನು ಧಾಡಿ?”

“ನಡೆಯುತ್ತಿದೆಯಲ್ಲ!”