ಸಮಸ್ಯೆ: ಕಳೆದುಕೊಂಡವ ಧನಿಕನಾದನು ಪಡೆದವನೆ ಋಣಿಯೈ

ಪೃಚ್ಛಕರು:
ಈ ಬಾರಿ ಕವಿಗೆ ನಾನೊಡ್ಡಿದ, ಮೇಲಿನ ಐದು ಸಾಲುಗಳನ್ನು ಕಟ್ಟಿ ಪೂರಣ ಮಾಡಬೇಕಾದ ಸಮಸ್ಯೆ ಭಾಮಿನೀ ಷಟ್ಪದಿಯ ಕೊನೆಯ ಸಾಲು, ಪ್ರಾಸಾಕ್ಷರ ಳಕಾರ. ಪರಮಾಣುವು ಅಯಾನಾಗುವ, ಅಂದರೆ ಎಲೆಕ್ಟ್ರಾನನ್ನು ಕಳೆದುಕೊಂಡೋ ಪಡೆದೋ ವಿದ್ಯುದಾವೇಶ ತಳೆಯುವ, ಬಗೆಯಿಂದಲೇ ಈ ವಿರೋಧಾಭಾಸವನ್ನು ಪರಿಹರಿಸಬೇಕು. ಬೆಂಜಮಿನ್ ಫ್ರಾಂಕ್ಲಿನ್ 18ನೆಯ ಶತಮಾನದಲ್ಲಿ ಆವೇಶಗಳನ್ನು ಧನ, ಋಣ ಎಂದು ವಿಂಗಡಿಸಿದಾಗ ಎಲೆಕ್ಟ್ರಾನಿನ ಸುಳಿವೇ ಇರಲಿಲ್ಲ. 1897ರಲ್ಲಿ ಅದು ಪತ್ತೆಯಾದಾಗ ಋಣದ ಪಾಲಿಗೆ ಬಂತು. ನಮ್ಮ ಸಮಸ್ಯೆ ಹುಟ್ಟಿದ್ದೇ ಅಲ್ಲಿ.

ಮೊದಲ ಪೂರಣ:

ಒಳಗೆ ಹನ್ನೊಂದಿರಲು ಧನಕಣ
ಬಳಸಿ ಹತ್ತೇ ಋಣಕಣಂಗಳು
ಉಳಿಯೆ ಸೋಡಿಯಮೊಂದು ಧನದಲಿ ಮಿಗಿಲು ನಿಂತಿಹುದು
ಸೆಳೆದುಕೊಂಡಾ ಕ್ಲೋರಿನಿನ ಮೈ
ಬೆಳೆದು ಋಣವೊಂದಧಿಕವಾಯಿತು
ಕಳೆದುಕೊಂಡವ ಧನಿಕನಾದನು ಪಡೆದವನೆ ಋಣಿಯೈ

ಸೋಡಿಯಂ ಪರಮಾಣುವಿನ 11 ಪ್ರೋಟಾನುಗಳಿಗೆ 11 ಎಲೆಕ್ಟ್ರಾನುಗಳು ಸರಿದೂಗಿರುತ್ತವೆ. ಹೊರಕವಚದ ಒಂಟಿ ಎಲೆಕ್ಟ್ರಾನು ಹೊರಟುಹೋದರೂ ನ್ಯೂಕ್ಲಿಯಸ್ಸು ಕದಲದೆ ಉಳಿಯುವುದರಿಂದ ಒಂದು ಧನಾವೇಶ ಮಿಗುತ್ತದೆ. ಅತ್ತ ಕ್ಲೋರಿನ್ನಿನ 17 ಪ್ರೋಟಾನುಗಳ ಸುತ್ತ 18 ಎಲೆಕ್ಟ್ರಾನುಗಳಾಗುತ್ತವೆ. ‘ಮೈ ಬೆಳೆದು’ ಎಂಬುದು ಪ್ರಾಸಕ್ಕಾಗಿ ತುರುಕಿದ ಮಾತಲ್ಲ: ಕ್ಲೋರಿನ್ನಿನ ತ್ರಿಜ್ಯ ಸುಮಾರು 99 ಪಿಕೋಮೀಟರಿನಿಂದ 181ಕ್ಕೆ ಹಿಗ್ಗಿದರೆ, ಸೋಡಿಯಮ್ಮಿನದು 186ರಿಂದ 102ಕ್ಕೆ ಕುಗ್ಗುತ್ತದೆ.

ಪೃಚ್ಛಕರು:
ಛಂದಸ್ಸು ಶುದ್ಧವಾಗಿದೆ, ‘ಬಳಸಿ ಹತ್ತೇ’ ಎಂಬಲ್ಲಿಯ ಅವಧಾರಣೆ ಸೊಗಸಾಗಿದೆ. ಆದರೆ ಸೋಡಿಯಂ ತಾನಾಗಿಯೇ ದಾನ ಮಾಡಿತೆಂದು ಓದುಗರು ತಿಳಿಯದಿರಲಿ. ಒಂದು ಮೋಲ್ (ಪರಮಾಣುಗಳ ಎಣಿಕೆಯ ನಿಗದಿತ ಪ್ರಮಾಣ) ಸೋಡಿಯಮ್ಮಿನಿಂದ ಎಲೆಕ್ಟ್ರಾನುಗಳನ್ನು ಕೀಳಲು ಸುಮಾರು 496 ಕಿಲೋಜೌಲ್ ಶಕ್ತಿ ತೆರಬೇಕು. ಅವನ್ನು ಪಡೆಯುವ ಕ್ಲೋರಿನ್ ಬಿಟ್ಟುಕೊಡುವುದು 349 ಮಾತ್ರ. ಈ ಕೊರತೆಯನ್ನು ತುಂಬುವುದು ಧನ, ಋಣ ಅಯಾನುಗಳು ಪರಸ್ಪರ ಸೆಳೆದು ಹರಳಾಗಿ ಕೂಡುವಾಗ ಹೊಮ್ಮುವ ಶಕ್ತಿ. ಎರಡನೆಯ ಎಲೆಕ್ಟ್ರಾನಿಗೆ ಕೈಹಾಕಿದರೆ ಬೆಲೆ 4,562 ಕಿಲೋಜೌಲಿಗೇರುತ್ತದೆ, ಏಕೆಂದರೆ ಅದು ತುಂಬಿದ ಒಳಕವಚದ್ದು; ಹಾಗಾಗಿ ಈ ಧನಿಕನ ಸಿರಿ ಒಂದಕ್ಕೇ ನಿಲ್ಲುತ್ತದೆ.

ಎರಡನೆಯ ಪೂರಣ:

ಹೊಳೆವ ನೇಸರ ಕಿರಣ ಬಡಿಯಲು
ಕಳಚಿತಣುವಿಂದೊಂದು ಋಣಕಣ
ಗಳಿಸದೆಯೆ ಧನವಂತವೆನಿಸಿತು ಗಗನದುನ್ನತಿಯೊಳ್
ಸುಳಿವ ಕಣವನು ತಬ್ಬಿ ಹಿಡಿಯುತ
ಕೆಳಗೆ ಆಮ್ಲಜನಕವು ಸಾಲಿಗ
ಕಳೆದುಕೊಂಡವ ಧನಿಕನಾದನು ಪಡೆದವನೆ ಋಣಿಯೈ

ಇಲ್ಲಿ ಕೊಡುಕೊಳ್ಳುವ ಜೋಡಿಯೇ ಬೇಕಿಲ್ಲ. ವಾತಾವರಣದ ಮೇಲ್ಪದರವಾದ ಅಯಾನುಗೋಳದಲ್ಲಿ ಸೂರ್ಯನ ಅತಿನೇರಳೆ ಕಿರಣವೊಂದೇ ಎಲೆಕ್ಟ್ರಾನನ್ನು ಹೊಡೆದೋಡಿಸಿ ಧನ ಅಯಾನನ್ನು ಉಳಿಸುತ್ತದೆ. ಅದರ ಕೆಳಪದರದಲ್ಲಿ ಗಾಳಿ ದಟ್ಟವಾಗಿರುವುದರಿಂದ ಬಿಡಿ ಎಲೆಕ್ಟ್ರಾನು ಆಮ್ಲಜನಕದ ಅಣುವಿಗೆ ಅಂಟಿಕೊಂಡು ಆ ಅಣು ಋಣ ಅಯಾನಾಗುತ್ತದೆ.

ಪೃಚ್ಛಕರು:
ಉಪ್ಪಿನ ಜಾಡು ಬಿಟ್ಟು ಆಕಾಶಕ್ಕೇರಿದ್ದು ಮೆಚ್ಚುಗೆಯಾಯಿತು. ಐದನೆಯ ಸಾಲಿನಲ್ಲಿ ಮಾತ್ರ ಎರಡು ತೊಡಕುಗಳಿವೆ. ‘ಕೆಳಗೆ ಆಮ್ಲಜನಕ’ ಎಂಬುದು ವಿಸಂಧಿ, ಅಂದರೆ ಸಂಧಿಯಾಗಬೇಕಾದಲ್ಲಿ ಆಗದ ದೋಷ. ಇನ್ನೊಂದು ಕಾಲದ ತೊಡಕು: ಆಮ್ಲಜನಕದ ಆ ಹಿಡಿತ ಎಷ್ಟು ಸಡಿಲವೆಂದರೆ ಕಣ್ಣಿಗೆ ಕಾಣುವ ಬೆಳಕೇ ಹಗಲಿನಲ್ಲಿ ಎಲೆಕ್ಟ್ರಾನನ್ನು ಬಿಡಿಸಿಬಿಡುತ್ತದೆ, ಆದ್ದರಿಂದ ಋಣ ಅಯಾನುಗಳು ಅಲ್ಲಿ ಹೆಚ್ಚುವುದು ರಾತ್ರಿ. ‘ಕೆಳಗಿರುಳೊಳಾಕ್ಸಿಜನು ಸಾಲಿಗ’ ಎಂದು ತಿದ್ದಿದರೆ ಮಾತ್ರೆ ಕೆಡದೆ ಎರಡೂ ಒಟ್ಟಿಗೇ ಸರಿಹೋಗುತ್ತವೆ.